ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ ರ‍್ಯಾಟಲ್‌ಸ್ನೇಕ್ ಹಾವು ಯಾವಾಗಲೂ ಬಾಲದ ಗಿಲಕಿಯಿಂದ ಸದ್ದು ಮಾಡಿ ಎಚ್ಚರಿಸಿದ ಮೇಲೆಯೇ ಕಚ್ಚುತ್ತದೆಯೇ?

ಇಲ್ಲ, ಆ ಸದ್ದನ್ನೇ ನೆಚ್ಚಿಕೊಂಡು ನಡೆಯುವುದು ಅಪಾಯಕರ. ಅಲ್ಲಿನ ಸೊನೊರನ್ ಮರುಭೂಮಿಯ ವೆಸ್ಟರ್ನ್ ಡೈಮಂಡ್‌ಬ್ಯಾಕ್‌ನಂತಹ ಹಾವುಗಳ ಮೈಬಣ್ಣ ಕಲ್ಲು ಮಣ್ಣುಗಳಲ್ಲಿ ಬೆರೆತುಹೋಗುವುದರಿಂದ, ಅವು ಬಹಳಷ್ಟು ಸಲ ಅಲುಗಾಡದೆ ಮಲಗಿದ್ದೇ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ತೀರ ಹತ್ತಿರ ಕಾಲಿಟ್ಟರೆ ಸದ್ದಿಲ್ಲದೆಯೂ ಕಚ್ಚಬಹುದು.

ಬಾಲದ ಗಿಲಕಿಯು ನಮ್ಮ ಉಗುರಿನಲ್ಲಿರುವಂತಹ ಕೆರಾಟಿನ್‌ನಿಂದಾದ, ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡ ಪೊಳ್ಳು ಉಂಗುರಗಳ ಸಾಲು. ಪ್ರತಿ ಸಲ ಪೊರೆ ಕಳಚಿದಾಗ ಒಂದು ಉಂಗುರ ಸೇರುತ್ತದೆಯಾದರೂ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪೊರೆ ಬಿಡಬಹುದಾದ್ದರಿಂದ ಮತ್ತು ತುದಿಯ ಉಂಗುರಗಳು ಮುರಿದು ಬೀಳುವುದರಿಂದ, ಅವನ್ನು ಎಣಿಸಿ ವಯಸ್ಸು ಹೇಳಲಾಗದು. ಆಗತಾನೆ ಹುಟ್ಟಿದ ಮರಿಗೆ ಸದ್ದು ಮಾಡಲು ಬಾರದು, ಆದರೆ ವಿಷವಿರುತ್ತದೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಕುಳಿಗಳು ಶಾಖವನ್ನು ಗ್ರಹಿಸುವುದರಿಂದ ಕತ್ತಲಲ್ಲೂ ಈ ಹಾವಿಗೆ ಬೇಟೆ ಸಿಗುತ್ತದೆ.

ಬೇಸಿಗೆಯಲ್ಲಿ ಇವು ಹೆಚ್ಚಾಗಿ ಸಂಜೆ ಮತ್ತು ರಾತ್ರಿ ಓಡಾಡುತ್ತವೆ. ಆದ್ದರಿಂದ ಟಾರ್ಚ್ ಹಿಡಿದು, ಎತ್ತರದ ಬೂಟು ಧರಿಸಿ, ಕಣ್ಣಿಗೆ ಕಾಣದ ಕಲ್ಲುಸಂದಿಗೆ ಕೈ ಹಾಕದೆ ನಡೆಯಿರಿ. ಹಾವು ಕಂಡರೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ. ಸತ್ತ ಹಾವಿನ ಕತ್ತರಿಸಿದ ತಲೆಯೂ ಕೆಲಕಾಲ ಕಚ್ಚಬಲ್ಲದು, ದಯವಿಟ್ಟು ಮುಟ್ಟಬೇಡಿ.

ಕಚ್ಚಿದರೆ ಕೂಡಲೇ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಉಂಗುರ ಮತ್ತು ಗಡಿಯಾರಗಳನ್ನು ಬಾವು ಏರುವ ಮೊದಲೇ ತೆಗೆಯಿರಿ. ಗಾಯವನ್ನು ಕೊಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಕಟ್ಟುವುದು, ಮಂಜುಗಡ್ಡೆ ಇಡುವುದು ಬೇಡವೇ ಬೇಡ. ಈ ಹಾವುಗಳಲ್ಲೇ ಒಂದು ಬಗೆಯಾದ ಮೊಹಾವಿ ರ‍್ಯಾಟಲ್‌ಸ್ನೇಕ್‌ನ ವಿಷ ನರಮಂಡಲಕ್ಕೂ ತಾಗಬಹುದಾದ್ದರಿಂದ, ಬಾವು ಕಡಿಮೆಯಿದೆಯೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.