ನೀರಲ್ಲಿ ನೋವಿಲ್ಲ ಅಂತ ಕುಣಿದ್ರೆ ಮಾರನೇ ದಿನ ಹಾಸಿಗೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಕಥೆ ಮಾತ್ರ ಅದೇ. ಹಾಗಾಗಿ ಒಬ್ಬರಿಗೆ ಉದ್ದಕ್ಕೆ ಬರೀತೀನಿ, ಮಿಕ್ಕವರು ನಿಮಗೇ ಬರೆದಿದ್ದು ಅಂತ ಓದ್ಕೊಳ್ಳಿ.

ಅವರ ಪತ್ರ ಹೀಗಿದೆ: ನನಗೆ 54. ಕೊಡಗಿನ ಸುಂಟಿಕೊಪ್ಪ ಹತ್ರ ತೋಟ. ಏಳು ವರ್ಷದಿಂದ ಸೊಂಟನೋವು, ಎರಡೂ ಮಂಡಿ ಸವೆದಿದೆ ಅಂತಾರೆ. ನೀರಲ್ಲಿ ವ್ಯಾಯಾಮ ಮಾಡಿ ಅಂತ ಡಾಕ್ಟ್ರು ಹೇಳಿದ್ರು. ಪರಿಚಯದವರ ಹೋಂಸ್ಟೇ ಪೂಲಲ್ಲಿ ಎದೆಮಟ್ಟದ ನೀರಲ್ಲಿ ಮುಕ್ಕಾಲು ಗಂಟೆ ನಡೆದೆ, ನೋವೇ ಇಲ್ಲ! ಆದ್ರೆ ಮಾರನೇ ದಿನದಿಂದ ಮೂರು ದಿನ ಏಳಕ್ಕೇ ಆಗ್ಲಿಲ್ಲ. ನೀರು ನನ್ನ ಮೈಗೆ ಆಗಲ್ವಾ? ನವೆಂಬರ್-ಡಿಸೆಂಬರಲ್ಲಿ ಬರೋ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಐನ್‌ಮನೆ (ಕುಟುಂಬದ ಮೂಲ ಮನೆ) ಮೆಟ್ಟಿಲು ನಾನೇ ಹತ್ತಬೇಕು ಅಂತ ಆಸೆ.

ನೀರು ಆಗುತ್ತೆ ಅಕ್ಕ, ಮುಕ್ಕಾಲು ಗಂಟೆ ಆಗಲ್ಲ. ಏಳು ವರ್ಷ ನೆಟ್ಟಗೆ ನಡೀದಿರೋ ಕಾಲನ್ನ ಒಂದೇ ದಿನ ನಲವತ್ತೈದು ನಿಮಿಷ ನಡೆಸಿದ್ರೆ ಅದು ಸುಮ್ನಿರುತ್ತಾ? ತೋಟದಲ್ಲಿ ಹೊಸದಾಗಿ ಬಂದ ಆಳಿಗೆ ಮೊದಲ ದಿನವೇ ಹಳೇ ಆಳಿನಷ್ಟು ಕಾಫಿ ಕುಯ್ಯಿ ಅಂತ ಹೇಳ್ತೀರಾ?

ಆಗಿದ್ದೇನು ಅಂದ್ರೆ, ಸೊಂಟದ ಮಟ್ಟ ನೀರಲ್ಲಿ ನಿಂತ್ರೆ ಕಾಲಿನ ಮೇಲೆ ಬೀಳೋದು ಹೆಚ್ಚುಕಮ್ಮಿ ಅರ್ಧ ತೂಕ, ಎದೆಮಟ್ಟಕ್ಕೆ ಹೋದ್ರೆ ಮೂರರಲ್ಲಿ ಒಂದು ಪಾಲು, ಕುತ್ತಿಗೆವರೆಗೆ ಹೋದ್ರೆ ಹತ್ತರಲ್ಲಿ ಒಂದು ಪಾಲು ಅಷ್ಟೇ. ಅಂದ್ರೆ 72 ಕೆಜಿ ಇರೋರ ಮಂಡಿ ಎದೆಮಟ್ಟದ ನೀರಲ್ಲಿ ಸುಮಾರು 24 ಕೆಜಿ ಹೊತ್ಕೊಂಡು ಆರಾಮಾಗಿರುತ್ತೆ, ಅದಕ್ಕೇ ನೋವು ಗೊತ್ತಾಗಲ್ಲ. ಆದ್ರೆ ತೂಕ ಕಮ್ಮಿ ಆಯ್ತು ಅಂತ ಕೆಲಸ ಕಮ್ಮಿ ಆಗಲ್ಲ, ಒಂದೊಂದು ಹೆಜ್ಜೆಗೂ ತೊಡೆ, ಹೊಟ್ಟೆ, ಬೆನ್ನು ನೀರನ್ನ ತಳ್ಳಬೇಕು. ಆ ದುಡಿಮೆ ಲೆಕ್ಕ ನೀರೊಳಗೆ ಗೊತ್ತಾಗಲ್ಲ, ರಾತ್ರಿ ಮಲಗಿದ ಮೇಲೆ ಬಡ್ಡಿ ಸಮೇತ ಬರುತ್ತೆ. ಮೂರು ದಿನ ಮಲಗ್ತೀರಿ, ಇನ್ನಷ್ಟು ಬಿಗೀತೀರಿ, ಸ್ವಲ್ಪ ವಾಸಿ ಅನ್ನಿಸಿದ ದಿನ ಮತ್ತೆ ಮುಕ್ಕಾಲು ಗಂಟೆ. ಈ ಚಕ್ರದಲ್ಲಿ ಸಿಕ್ಕಾಕ್ಕೊಂಡೇ ಎಷ್ಟೋ ಜನ 'ನೀರೂ ಟ್ರೈ ಮಾಡಿದೆ, ಸುಖ ಇಲ್ಲ' ಅಂತ ಬಿಟ್ಬಿಡ್ತಾರೆ.

ಇದ್ರಲ್ಲಿ ನನ್ನ ತಪ್ಪೂ ಇದೆ. ನೀರಿನ ವ್ಯಾಯಾಮ ಹೇಳಿಕೊಡೋಕೆ ಶುರು ಮಾಡಿದ ವರ್ಷಗಳಲ್ಲಿ ನನ್ನ ಹತ್ರ ಒಬ್ರು ರಿಟೈರ್ಡ್ ಸುಬೇದಾರ್ ಬರ್ತಿದ್ರು, ನೀರಿಗಿಳಿದ ಮೇಲೆ ಅವರ ಖುಷಿ ನೋಡಿ ನಾನೂ ಸುಮ್ನಿದ್ದೆ, ಪರೇಡ್ ಥರ ನಡೆದ್ರು, ವಾರ ಪೂರ್ತಿ ಮಲಗಿದ್ರು. ಅವತ್ತಿಂದ ನನ್ನ ಕೈಲಿ ಗಡಿಯಾರ ಇರುತ್ತೆ, ಯಾರು ಎಷ್ಟು ಬೈದ್ಕೊಂಡ್ರೂ ಹತ್ತು ನಿಮಿಷಕ್ಕೆ ಮೇಲೆ ಕರೀತೀನಿ.

ನಿಮಗೂ ಅದೇ. ಮೊದಲೆರಡು ವಾರ ಹತ್ತೇ ನಿಮಿಷ, ವಾರಕ್ಕೆ ಎರಡು ಇಲ್ಲಾ ಮೂರು ಸಲ. ಮುಂದಕ್ಕೆ, ಹಿಂದಕ್ಕೆ, ಅಡ್ಡಡ್ಡ ನಡೀರಿ, ಅಂಚು ಹಿಡ್ಕೊಂಡು ಮಂಡಿ ಎತ್ತಿ ಇಳಿಸಿ, ಹಿಮ್ಮಡಿ ಎತ್ತಿ ನಿಲ್ಲಿ. ಈಜು ಬರಬೇಕಿಲ್ಲ, ಆದ್ರೆ ಒಬ್ರೇ ಇಳೀಬೇಡಿ. ನಿಧಾನ ನಡೀರಿ, ಯಾಕಂದ್ರೆ ನೀರಲ್ಲಿ ವೇಗ ಎರಡು ಪಟ್ಟು ಮಾಡಿದ್ರೆ ನೀರಿನ ತಡೆ ಎರಡಲ್ಲ, ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತೆ. 'ಬೇಗ ಬೇಗ ಮಾಡಿ ಮುಗಿಸ್ತೀನಿ' ಅನ್ನೋರಿಗೆ ಇದು ಅರ್ಥವೇ ಆಗಲ್ಲ.

ಮೇಲೆ ಬಂದು ಎರಡು ಗಂಟೆ ಆದ್ಮೇಲೂ ನೋವು ಮೊದಲಿಗಿಂತ ಜಾಸ್ತಿ ಇದ್ರೆ ಅವತ್ತಿಂದು ಅತಿಯಾಯ್ತು ಅಂತ ಅರ್ಥ, ಮುಂದಿನ ಸಲ ಕಮ್ಮಿ ಮಾಡಿ, ಬಿಡಬೇಡಿ. ಸ್ನಾಯು ಒಂಚೂರು ಹಿಡ್ಕೊಂಡ ಹಾಗಿದ್ರೆ ಅದು ಕೆಲಸ ಮಾಡಿದ್ದಕ್ಕೆ, ಹೆದರಬೇಡಿ. ಎಷ್ಟು ಹೊತ್ತು ಅನ್ನೋದನ್ನ ನಿಮ್ಮ ಕೆಟ್ಟ ದಿನ ನೋಡಿ ಗೊತ್ತು ಮಾಡ್ಕೊಳ್ಳಿ, ಒಳ್ಳೇ ದಿನ ನೋಡಿ ಅಲ್ಲ. ಎರಡು ವಾರ ಸಲೀಸಾಗಿ ಹೋಯ್ತು ಅಂದ್ರೆ ಎರಡೋ ಮೂರೋ ನಿಮಿಷ ಸೇರಿಸಿ.

ಐನ್‌ಮನೆ ಮೆಟ್ಟಿಲ ವಿಷ್ಯ. ಎದೆಮಟ್ಟದ ನೀರಲ್ಲೇ ವರ್ಷಗಟ್ಟಲೆ ನಡೆದ್ರೆ ನೀರಲ್ಲಿ ನಡೆಯೋದು ಕಲೀತೀರಿ ಅಷ್ಟೇ, ಮೆಟ್ಟಿಲ ಮೇಲೆ ನೀರಿರಲ್ಲ. ತಿಂಗಳು ಕಳೆದ ಮೇಲೆ ಸೊಂಟದ ಮಟ್ಟಕ್ಕೆ ಬನ್ನಿ, ಆಮೇಲೆ ಪೂಲಿನ ಕೆಳಗಿನ ಮೆಟ್ಟಿಲನ್ನ ನೀರೊಳಗೇ ಹತ್ತಿ ಇಳೀರಿ, ಅದು ಸಲೀಸಾದ್ರೆ ಮನೆ ಜಗಲಿಯ ಒಂದು ಮೆಟ್ಟಿಲು, ಕೈಗೆ ಕಂಬ ಸಿಗೋ ಹಾಗೆ. ಜೂನಿಂದ ಶುರು ಮಾಡಿದ್ರೆ ಪುತ್ತರಿಗೆ ಸಾಕಷ್ಟು ಟೈಮ್ ಇರ್ತಿತ್ತು, ಆದ್ರೆ ನಮ್ಮ ಮಳೇಲಿ ಯಾವ ಪೂಲಿಗೆ ಇಳೀತೀರಿ ಹೇಳಿ. ಇಂಥ ವ್ಯಾಯಾಮಕ್ಕೆ ನೀರು 33ರಿಂದ 35 ಡಿಗ್ರಿ ಇದ್ರೆ ಚೆಂದ, ಮಡಿಕೇರಿ ಕಡೆ ಬಿಸಿ ಮಾಡದ ಪೂಲಲ್ಲಿ ಅದು ಕನಸು. ತಣ್ಣೀರಲ್ಲಿ ಸ್ನಾಯು ಇನ್ನೂ ಬಿಗಿಯುತ್ತೆ. ಕುಶಾಲನಗರ ಕಡೆ ಬಿಸಿಲು ಸ್ವಲ್ಪ ಜಾಸ್ತಿ, ಮಧ್ಯಾಹ್ನದ ಮೇಲೆ ಹೋಗಿ. ಐದು ನಿಮಿಷಕ್ಕೆ ನಡುಕ ಬಂದ್ರೆ ಎದ್ದು ಬಂದ್ಬಿಡಿ, ಹಠ ಬೇಡ. ಮಳೆಗಾಲದಲ್ಲಿ ಪೂಲ್ ಇಲ್ಲ ಅಂತ ಪೂರ್ತಿ ನಿಲ್ಲಿಸೋದೂ ಬೇಡ, ಜಗಲೀಲಿ ಕುರ್ಚಿಯಿಂದ ಎದ್ದು ಕೂರೋದು, ಕಂಬ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಅಷ್ಟಾದ್ರೂ ನಡೀತಿರ್ಲಿ.

ಇನ್ನೊಂದು, ಮೇಲೆ ಬರುವಾಗ ಕಂಬಿ ಬಿಡಬೇಡಿ. ನೀರು ಹೊತ್ತಿದ್ದ ತೂಕ ಒಂದೇ ಸಲ ಕಾಲಿಗೆ ವಾಪಸ್ ಬರುತ್ತೆ, ತಲೆ ಸುತ್ತಬಹುದು. ಕೊನೆಯ ಮೆಟ್ಟಿಲಲ್ಲಿ ಒಂದು ನಿಮಿಷ ನಿಂತು ಬನ್ನಿ.

ಇನ್ನು ಮಿಕ್ಕ ಪ್ರಶ್ನೆಗಳಿಗೆ ಚುಟುಕಾಗಿ. ಹಾರ್ಟ್ ಪೇಷೆಂಟು, ಇಳೀಬಹುದಾ? ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆ ಕಡೆ ಬರುತ್ತೆ, ಹಾರ್ಟಿಗೆ ಕೆಲಸ ಜಾಸ್ತಿ. ನಿಮ್ಮ ಹಾರ್ಟ್ ಡಾಕ್ಟ್ರನ್ನ ಕೇಳಿ, ನನ್ನನ್ನಲ್ಲ. ಫಿಟ್ಸ್ ಇರೋರು, ಮೈಮೇಲೆ ಹಸಿ ಗಾಯ ಇರೋರು ಕೂಡ ಹಾಗೇ ಇಳೀಬೇಡಿ.

ತೋಟದ ಕೆರೇಲೇ ಮಾಡಿದ್ರೆ ಆಗಲ್ವಾ, ದುಡ್ಡು ಉಳಿಯುತ್ತೆ? ಕೆಸರಲ್ಲಿ ಕಾಲು ಹೂತು ಬಿದ್ರೆ ಯಾರು ಎತ್ತೋದು? ಇಲಿಜ್ವರ ಬೇರೆ. ಬೇಡ.

ಅಬ್ಬಿ (ಜಲಪಾತ) ಕೆಳಗೆ ಬೆನ್ನು ಕೊಟ್ಟು ನಿಂತ್ರೆ ಮಸಾಜ್ ಆಗುತ್ತಂತೆ? ಕಲ್ಲು ಬಿದ್ರೆ ಅದೂ ಮಸಾಜೇ.

ಸ್ಕ್ಯಾನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ, ಅಲ್ಲಾಡಲೇಬಾರದಾ? ನೋವೇ ಇಲ್ಲದವರನ್ನ ಸ್ಕ್ಯಾನ್ ಮಾಡಿದ್ರೂ ಎಷ್ಟೋ ಜನರಿಗೆ ಅದೇ ಬರುತ್ತೆ. ರಿಪೋರ್ಟನ್ನ ದಿಂಬಿನ ಕೆಳಗಿಟ್ಕೊಂಡು ಮಲಗಬೇಡಿ. ಹಾ, ಉಚ್ಚೆ ಹಿಡಿತ ತಪ್ಪಿದ್ರೆ, ತೊಡೆ ಸಂದಿ ಜೋಮು ಹಿಡಿದ್ರೆ, ಕಾಲಿನ ಶಕ್ತಿ ದಿಢೀರ್ ಹೋದ್ರೆ ಮಾತ್ರ ಅವತ್ತೇ ಆಸ್ಪತ್ರೆ, ಪತ್ರ ಬರೀತಾ ಕೂರೋದಲ್ಲ.

ಕಕ್ಕಡ (ಕೊಡವರ ಮಳೆಗಾಲದ ತಿಂಗಳು) 18ರ ದಿನ ಮಾಡೋ ಮದ್ದು ಸೊಪ್ಪಿನ ಪಾಯಸ ಮಂಡಿನೋವಿಗೆ ಒಳ್ಳೇದಾ? ಪಾಯಸ ಬಲು ರುಚಿ, ನಾನೂ ಎರಡು ಬಟ್ಟಲು ತಿಂತೀನಿ. ನನ್ನ ಮಂಡಿ ಹಂಗೇ ಇದೆ.

ಸಂತೇಲಿ ಒಬ್ರು ಪುಡಿ ಕೊಟ್ರು, ಎರಡೇ ದಿನಕ್ಕೆ ನೋವು ಮಾಯ, ಇನ್ನು ಪೂಲ್ ಯಾಕೆ? ಎರಡೇ ದಿನಕ್ಕೆ ಮಾಯ ಅಂದ ಕೂಡ್ಲೇ ನನಗೆ ಭಯ. ಹೆಸರು ವಿಳಾಸ ಇಲ್ಲದ ಇಂಥ ಪುಡೀಲಿ ಸ್ಟಿರಾಯ್ಡ್ ಬೆರೆಸೋದು ಹೊಸದೇನಲ್ಲ. ಮುಖ ಊದ್ಕೊಳ್ಳುತ್ತೆ, ಶುಗರ್ ಏರುತ್ತೆ, ಮೂಳೆ ಟೊಳ್ಳಾಗುತ್ತೆ, ಆಮೇಲೆ ಜಾರಿ ಬಿದ್ದ ದಿನ ತೊಡೆಮೂಳೆ ಮುರ್ಕೊಂಡು ಬರ್ತಾರೆ, ಪುಡಿ ಕೊಟ್ಟೋನು ಅಷ್ಟೊತ್ತಿಗೆ ಬೇರೆ ಸಂತೇಲಿ. ತಿಂಗಳುಗಟ್ಟಲೆ ತಿಂದಿದ್ರೆ ಇವತ್ತೇ ಏಕಾಏಕಿ ನಿಲ್ಲಿಸಲೂ ಬೇಡಿ, ಅದೂ ಅಪಾಯ. ಪೊಟ್ಟಣ ಸಮೇತ ಡಾಕ್ಟ್ರ ಹತ್ರ ಹೋಗಿ ತೋರ್ಸಿ. ಬೈತಾರೆ, ಬೈಸ್ಕೊಳ್ಳಿ.

ಸೀರೆ ಉಟ್ಕೊಂಡೇ ನೀರಿಗಿಳಿಬಹುದಾ? ಕಾಲಿಗೆ ಸುತ್ಕೊಳ್ಳುತ್ತೆ. ಲೆಗಿಂಗ್ಸು, ಟೀಶರ್ಟು ಸಾಕು, ನಮ್ಮ ಅತ್ತೆನೇ ಹಾಕ್ಕೊಂಡ್ರು 68ನೇ ವಯಸ್ಸಲ್ಲಿ.