ನಾಯಿ ನೋವಿನ ಮಾತ್ರೆ ನುಂಗಿದೆ, ಆದರೂ ಆರಾಮಾಗಿದೆ. ಕಾದು ನೋಡಬಹುದಾ?

ಕಾಯಬೇಡಿ. ಮೊದಲು ವೆಟ್‌ಗೆ ಫೋನ್ ಮಾಡಿ, ಆಟೋದಲ್ಲಿ ಕೂತು ಉಳಿದದ್ದು ಓದಿ.

ಹತ್ತು ಕೆಜಿಯ ಬೀಗಲ್ ಅರ್ಧ ಗಂಟೆ ಹಿಂದೆ ಅಜ್ಜಿಯ ಮಂಡಿನೋವಿನ ಮಾತ್ರೆ ನಾಲ್ಕು ನುಂಗಿದೆ, ಈಗಲೂ ಬಾಲ ಆಡಿಸ್ತಿದೆ, ಉಪ್ಪುನೀರು ಕುಡಿಸಲಾ ಅಂತ ಕೇಳಿದ್ದೀರಿ. ಬಾಲ ಆಡಿಸ್ತಿರುವಾಗಲೇ ಹೋಗಬೇಕು. ಮಾತ್ರೆ ಇನ್ನೂ ಹೊಟ್ಟೆಯಲ್ಲೇ ಇದ್ದರೆ ವೆಟ್ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು. ಒಂದೆರಡು ಗಂಟೆ ಕಳೆದರೆ ಅದರಿಂದ ಅಷ್ಟು ಪ್ರಯೋಜನ ಇಲ್ಲ.

ಉಪ್ಪುನೀರು ಖಂಡಿತ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಹಾಲು ಕುಡಿಸಿದರೆ ವಿಷ ಇಳಿಯುತ್ತೆ ಅನ್ನೋದೂ ಸುಳ್ಳು.

ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ನೀವು ಬರೆದಿರುವ ಮಾತ್ರೆಯಲ್ಲಿ ಐಬುಪ್ರೊಫೇನ್ 400 ಮಿಗ್ರಾಂ, ಪ್ಯಾರಸಿಟಮಾಲ್ 325 ಮಿಗ್ರಾಂ ಇದೆ. ನಾಲ್ಕು ಮಾತ್ರೆ ಅಂದರೆ ಐಬುಪ್ರೊಫೇನ್ ಕೆಜಿಗೆ 160 ಮಿಗ್ರಾಂ. ಹೊಟ್ಟೆಯಲ್ಲಿ ಹುಣ್ಣಾಗೋಕೆ ಅದರ ಕಾಲು ಭಾಗವೇ ಸಾಕು, 160 ಅಂದರೆ ಕಿಡ್ನಿಗೂ ಅಪಾಯದ ಹತ್ತಿರ. ಪ್ಯಾರಸಿಟಮಾಲ್ ಕೆಜಿಗೆ 130, ಅದು ಲಿವರ್ ಕೆಡಿಸುವ ಮಟ್ಟ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಸ್ಟ್ರಿಪ್ ತಪ್ಪದೆ ತಗೊಂಡು ಹೋಗಿ. ಇಲ್ಲೊಂದು ತೊಂದರೆ ಇದೆ. ಆರು ಮಾತ್ರೆ ಸಾಕು ಅಂದವರಿಗೆ ನಾವು ಕತ್ತರಿಯಲ್ಲಿ ಕತ್ತರಿಸಿ ಕೊಡ್ತೀವಿ. ಹೆಸರು, ಮಿಗ್ರಾಂ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುವ ತುಂಡಿನಲ್ಲಿ ಇರುತ್ತೆ. ಹಾಗಿದ್ದರೆ ಕೊಂಡ ಅಂಗಡಿಗೆ ಫೋನ್ ಮಾಡಿ, ಬಿಲ್ ನೋಡಿ ಹೇಳ್ತಾರೆ. ಅಜ್ಜಿ ಬೆಳಿಗ್ಗೆ ಎಷ್ಟು ತಗೊಂಡಿದ್ರು ಅಂತಲೂ ಕೇಳಿ. ಲೆಕ್ಕ ಸಿಗದಿದ್ದರೆ ಕಾಣೆಯಾದದ್ದೆಲ್ಲ ನಾಯಿಯ ಹೊಟ್ಟೆಯಲ್ಲಿದೆ ಅಂತಲೇ ವೆಟ್‌ಗೆ ಹೇಳಿ. ಫಾಯಿಲ್ ಚೂರು ಕಾಣದಿದ್ದರೆ ಅದನ್ನೂ ಹೇಳಿ.

ಅಜ್ಜಿಯ ಮಾತ್ರೆ ಡಬ್ಬಿಯಲ್ಲಿ ವಾರಕ್ಕೊಂದು ನುಂಗುವ 60,000 ಯೂನಿಟ್‌ನ ವಿಟಮಿನ್ ಡಿ ಕ್ಯಾಪ್ಸೂಲ್ ಇತ್ತಾ ನೋಡಿ. 'ಬರೀ ವಿಟಮಿನ್' ಅಂತ ಜನ ಸುಮ್ನೆ ಬಿಟ್ಟುಬಿಡ್ತಾರೆ. ಸಣ್ಣ ನಾಯಿ ನಾಲ್ಕು ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗಬಹುದು, ಒಂದೆರಡು ದಿನ ಏನೂ ಗೊತ್ತೇ ಆಗದಿರಬಹುದು.

ಮನೆಯಲ್ಲಿ ಬೆಕ್ಕಿದ್ದರೆ ಮಾತ್ರೆ ಬಿದ್ದಿದೆಯಾ ಅಂತ ಯಾರಾದರೂ ಸೋಫಾ ಕೆಳಗೆ ಈಗಲೇ ಹುಡುಕಲಿ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ವಾಂತಿಯಲ್ಲಿ ರಕ್ತ, ಕಪ್ಪು ಮಲ, ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗೋದು, ಇವು ಕಂಡರೆ ದಾರಿಯಲ್ಲೇ ವೆಟ್‌ಗೆ ಮತ್ತೆ ಫೋನ್ ಮಾಡಿ. ವಾಂತಿ ಮಾಡಿಸಿ ಮನೆಗೆ ಕಳಿಸಿದರೂ ಲಿವರ್, ಕಿಡ್ನಿ ರಕ್ತ ಪರೀಕ್ಷೆಗೆ ಮತ್ತೆ ಯಾವಾಗ ಬರಬೇಕು ಅಂತ ಕೇಳ್ಕೊಂಡೇ ಹೊರಡಿ. ಬೆಂಗಳೂರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ರಾತ್ರಿಯಾಗಿದ್ದರೆ ಎಲ್ಲಿಗೇ ಆಗಲಿ, ಡಾಕ್ಟರ್ ಇದ್ದಾರಾ ಅಂತ ಕೇಳಿ ಹೊರಡಿ.