ಹಳೆಯ ಐಷಾರಾಮಿ ಎಸ್‌ಯುವಿ ರಾತ್ರಿ ನೆಟ್ಟಗಿದ್ದು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿರುತ್ತದೆ, ಏಕೆ? ನಾನೇ ಸರಿಪಡಿಸಬಹುದೇ?

ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ, ಬಹುತೇಕ ಆ ಮೂಲೆಯ ಗಾಳಿಚೀಲ ಸೋರುತ್ತಿದೆ. ಇಂಥ ಗಾಡಿಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲವೇ ಭಾರ ಹೊರುತ್ತದೆ. ವರ್ಷಗಟ್ಟಲೆ ಏರಿಳಿದು, ಮಡಚಿಕೊಳ್ಳುವ ಜಾಗದಲ್ಲೇ ರಬ್ಬರ್ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಪತ್ತೆಗೆ ಸೋಪಿನ ನೀರು ಸಾಕು. ಎಂಜಿನ್ ಚಾಲೂ ಮಾಡಿ ಗಾಡಿ ಮೇಲೆದ್ದ ನಂತರ, ಚಕ್ರದ ಪಕ್ಕದಿಂದಲೇ ಚೀಲಕ್ಕೂ ಕೊಳವೆಯ ಜೋಡಣೆಗೂ ಸಿಂಪಡಿಸಿ. ಒಂದೇ ಕಡೆ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಸೋರಿಕೆ ಅಲ್ಲೇ.

ಮುಂದೂಡುವುದು ದುಬಾರಿ. ಹೋದ ಗಾಳಿಯನ್ನು ತುಂಬಲು ಕಂಪ್ರೆಸರ್ ಪದೇ ಪದೇ ಓಡಿ, ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಕಂಪ್ರೆಸರ್ ಮಾತ್ರ ಬದಲಿಸಿ ಸೋರಿಕೆಯನ್ನು ಹಾಗೇ ಬಿಟ್ಟವರು ಹೊಸದನ್ನೂ ಸುಟ್ಟುಕೊಳ್ಳುತ್ತಾರೆ. ನಾನು ಕಂಡ ಸಾಮಾನ್ಯ ತಪ್ಪು ಇದೇ.

ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ ಚೀಲ ಬದಲಿಸುವುದು ಕೈಗೆಟುಕುವ ಕೆಲಸ. ಆದರೆ ಬರೀ ಗಾಳಿಯ ಮೇಲೆ ಅಥವಾ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ, ಅದು ಹೇಳದೆ ಕೇಳದೆ ಕುಸಿಯುತ್ತದೆ. ಕೈಪಿಡಿ ತೋರಿಸುವ ಜಾಗದಲ್ಲಿ ಗಟ್ಟಿ ಸ್ಟ್ಯಾಂಡ್ ಕೊಡಿ, ಗಾಳಿಯನ್ನು ಪೂರ್ತಿ ಬಿಟ್ಟ ಮೇಲಷ್ಟೇ ಕೊಳವೆ ಬಿಚ್ಚಿ.